ಕೆರೆ ನೀರಿನ ಲೆಕ್ಕ ಯಾರ ಕೈಯಲ್ಲಿರಬೇಕು?

2016ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೊಳಚೆ ನೀರು ಸೇರಿ ಕೆರೆಯಲ್ಲಿ ಕರಗಿದ ಆಮ್ಲಜನಕ ಕುಸಿದದ್ದೇ ಇದಕ್ಕೆ ಕಾರಣವೆಂಬ ವಿವರಣೆ ಆಗ ಬಂತು. ನಗರದ ಬೇರೆ ಕೆರೆಗಳಲ್ಲಿ ಅದಕ್ಕೂ ಮೊದಲು ಇಂಥದ್ದು ನಡೆದಿತ್ತು, ಅನಂತರವೂ ನಡೆದಿದೆ. ಪ್ರತಿ ಸಲವೂ ದಡದಲ್ಲಿ ನಿಂತವರು ಕೇಳುವ ಪ್ರಶ್ನೆ ಒಂದೇ: ಮಾಲಿನ್ಯ ನಿಯಂತ್ರಣ ಮಂಡಳಿಯವರು ತಿಂಗಳು ತಿಂಗಳೂ ಬಂದು ನೀರಿನ ಮಾದರಿ ತೆಗೆದುಕೊಂಡು ಹೋಗುತ್ತಾರಲ್ಲ, ಅವರಿಗೆ ಇದು ಮೊದಲೇ ಗೊತ್ತಾಗಲಿಲ್ಲವೇ?

ಗೊತ್ತಾಗುವುದು ಕಷ್ಟ, ಮತ್ತು ಅದರಲ್ಲಿ ಮಂಡಳಿಯ ಸಿಬ್ಬಂದಿಯ ತಪ್ಪನ್ನೇ ಹುಡುಕಬೇಕಾಗಿಲ್ಲ. ತಿಂಗಳಿಗೊಮ್ಮೆ ನಡೆಯುವ ಪರೀಕ್ಷೆ ಒಂದು ಕೆರೆ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದೆಯೇ, ಕೆಡುತ್ತಿದೆಯೇ ಎಂಬುದನ್ನು ಹೇಳಬಲ್ಲದು. ನಿನ್ನೆ ರಾತ್ರಿ ಯಾವ ರಾಜಕಾಲುವೆಯಿಂದ ಏನು ಬಂದು ಬಿತ್ತು ಎಂಬುದನ್ನು ಹೇಳಲಾರದು. ಆ ಎರಡನೆಯ ಕೆಲಸಕ್ಕೆ ಕೆರೆಯ ದಡದಲ್ಲೇ ಇರುವವರು ಬೇಕು, ಅವರ ಕೈಗೆ ಉಪಕರಣ ಬೇಕು, ಉಪಕರಣಕ್ಕೆ ಹಣ ಬೇಕು. ಸಮುದಾಯ ಮತ್ತು ಉದ್ಯಮಗಳ ಪಾಲುದಾರಿಕೆಯ ಮಾತು ಹುಟ್ಟುವುದು ಇಲ್ಲಿ. ಆದರೆ ಈ ಪಾಲುದಾರಿಕೆಯಲ್ಲಿ ಯಾರು ಅಳೆಯುತ್ತಾರೆ, ಯಾರು ಹಣ ಕೊಡುತ್ತಾರೆ, ಅಂಕಿಗಳನ್ನು ಯಾರು ಪ್ರಕಟಿಸುತ್ತಾರೆ ಎಂಬ ಮೂರು ಕೆಲಸಗಳನ್ನು ಬೇರೆ ಬೇರೆ ಕೈಗಳಲ್ಲಿ ಇಡದೆ ಹೋದರೆ, ಅದರಿಂದ ಬರುವ ಅಂಕಿಗಳಿಗೆ ಬೆಲೆ ಇರುವುದಿಲ್ಲ. ಬೆಂಗಳೂರಿನ ಕೆರೆಗಳ ಇಪ್ಪತ್ತು ವರ್ಷಗಳ ಅನುಭವ ಇದನ್ನು ಸಾಕಷ್ಟು ಸ್ಪಷ್ಟವಾಗಿ ತೋರಿಸಿದೆ ಎಂದು ನಾನು ನಂಬಿದ್ದೇನೆ.

ಒಂದೇ ದಿನ, ಎರಡು ನೀರು

ಮೊದಲು ನೀರಿನ ಸಂಗತಿಯನ್ನೇ ನೋಡೋಣ. ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ಸಮುದ್ರಮಟ್ಟದಲ್ಲಿ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಶುದ್ಧ ನೀರು ಒಂದು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದ್ದು ಇಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಅದೇ ಉಷ್ಣತೆಯಲ್ಲಿ ಇಲ್ಲಿನ ನೀರು ಹಿಡಿದಿಡುವುದು ಏಳೂವರೆ ಮಿಲಿಗ್ರಾಂನ ಆಸುಪಾಸು ಮಾತ್ರ. ಅಂದರೆ ನಮ್ಮ ಕೆರೆಗಳ ಮೀನುಗಳಿಗೆ ಮೊದಲೇ ಉಸಿರು ಸ್ವಲ್ಪ ಕಡಿಮೆ.

ಕೊಳಚೆ ಸೇರಿದ ಕೆರೆಯಲ್ಲಿ ಸಾರಜನಕ ಮತ್ತು ರಂಜಕ ಹೇರಳವಾಗಿರುವುದರಿಂದ ಪಾಚಿ ದಟ್ಟವಾಗಿ ಬೆಳೆಯುತ್ತದೆ. ಹಗಲಿನಲ್ಲಿ ಆ ಪಾಚಿ ಬಿಸಿಲನ್ನು ಬಳಸಿ ಆಮ್ಲಜನಕವನ್ನು ಬಿಡುಗಡೆ ಮಾಡುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಅಂಥ ಕೆರೆಯ ಮೇಲ್ನೀರನ್ನು ಪರೀಕ್ಷಿಸಿದರೆ ನೀರು ಸಹಜವಾಗಿ ಹಿಡಿದಿಡಬಲ್ಲದ್ದಕ್ಕಿಂತಲೂ ಹೆಚ್ಚು ಆಮ್ಲಜನಕ ಕಾಣಿಸಬಹುದು. ಕತ್ತಲಾದ ಮೇಲೆ ಉತ್ಪಾದನೆ ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ. ಪಾಚಿ, ಮೀನು, ಹೂಳಿನಲ್ಲಿರುವ ಬ್ಯಾಕ್ಟೀರಿಯಾ ಎಲ್ಲವೂ ರಾತ್ರಿಯಿಡೀ ಅದೇ ದಾಸ್ತಾನನ್ನು ಖರ್ಚು ಮಾಡುತ್ತವೆ. ಸೂರ್ಯೋದಯಕ್ಕೆ ಮುಂಚಿನ ಹೊತ್ತಿಗೆ ಆಮ್ಲಜನಕ ಒಂದೆರಡು ಮಿಲಿಗ್ರಾಂಗೆ ಇಳಿದಿರುತ್ತದೆ, ಕೆಲವೊಮ್ಮೆ ಶೂನ್ಯಕ್ಕೆ ಸಮೀಪ ಹೋಗಿರುತ್ತದೆ. ಮೀನು ಸಾಯುವುದು ಸಾಮಾನ್ಯವಾಗಿ ಆ ಹೊತ್ತಿನಲ್ಲಿ. ಕಚೇರಿ ಸಮಯದಲ್ಲಿ, ಹನ್ನೊಂದು ಗಂಟೆಗೆ ತೆಗೆದ ಮಾದರಿ ಪ್ರಾಮಾಣಿಕವಾಗಿಯೇ ತೆಗೆದದ್ದಾದರೂ ಆ ಘಟ್ಟವನ್ನು ಅದು ಕಾಣುವುದೇ ಇಲ್ಲ.

ಅಮೋನಿಯಾದ ಲೆಕ್ಕ ಇದಕ್ಕೆ ವಿರುದ್ಧ ದಿಕ್ಕಿನದು. ಕೊಳಚೆ ನೀರಿನ ಸಾರಜನಕದ ಬಹುಭಾಗ ಅಮೋನಿಯಾ ರೂಪದಲ್ಲಿರುತ್ತದೆ, ಮತ್ತು ಅದರಲ್ಲಿ ಮೀನಿಗೆ ವಿಷವಾಗುವುದು ಮುಕ್ತ ಅಮೋನಿಯಾ ಎಂಬ ಒಂದು ಪಾಲು ಮಾತ್ರ. ಆ ಪಾಲು ಎಷ್ಟೆಂಬುದನ್ನು ನೀರಿನ ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ, ನಿರ್ಧರಿಸುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಮುಕ್ತವಾಗಿರುವುದು ಶೇ 1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಅದು ಸುಮಾರು ಶೇ 5. ಪಿಎಚ್ 9 ಆದರೆ ಶೇ 36ರಷ್ಟಾಗುತ್ತದೆ. ಪಾಚಿ ಹಗಲಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಂತೆ ಪಿಎಚ್ ಏರುವುದರಿಂದ, ಬೆಳಗಿನ ಜಾವ ಆಮ್ಲಜನಕವಿಲ್ಲದೆ ಒದ್ದಾಡಿದ ಮೀನು ಅದೇ ದಿನ ಮಧ್ಯಾಹ್ನ ಅಮೋನಿಯಾಕ್ಕೆ ಸಿಕ್ಕಿಬೀಳುತ್ತದೆ. ಒಟ್ಟು ಅಮೋನಿಯಾ ಲೀಟರಿಗೆ 4 ಮಿಲಿಗ್ರಾಂ ಎಂಬ ಒಂದೇ ಅಂಕಿ ಒಂದು ಹೊತ್ತಿನಲ್ಲಿ ನಿರುಪದ್ರವಿ, ಇನ್ನೊಂದು ಹೊತ್ತಿನಲ್ಲಿ ಮಾರಕ. ಹೀಗಾಗಿ ಯಾವ ಜಾಗದಲ್ಲಿ, ಎಷ್ಟು ಗಂಟೆಗೆ, ಎಷ್ಟು ಆಳದಲ್ಲಿ ಎಂಬುದನ್ನು ಬರೆಯದೆ ಕೊಟ್ಟ ಯಾವುದೇ ಕೆರೆಯ ಅಂಕಿಯನ್ನು ನಂಬಿ ತೀರ್ಮಾನಕ್ಕೆ ಬರಬಾರದು.

ಎ ಯಿಂದ ಇ ವರೆಗಿನ ದರ್ಜೆಗಳು

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಮೇಲ್ಮೈ ನೀರನ್ನು ಅದರ ಉತ್ತಮ ಬಳಕೆಗೆ ಅನುಗುಣವಾಗಿ ಐದು ದರ್ಜೆಗಳಾಗಿ ವಿಂಗಡಿಸಿದೆ. ಎ ದರ್ಜೆಯ ನೀರನ್ನು ಸೋಂಕು ನಿವಾರಣೆಯಷ್ಟನ್ನೇ ಮಾಡಿ ಕುಡಿಯಲು ಕೊಡಬಹುದು. ಬಿ ದರ್ಜೆಯದು ಸ್ನಾನಕ್ಕೆ. ಸಿ ದರ್ಜೆಯದು ಪೂರ್ಣ ಶುದ್ಧೀಕರಣದ ನಂತರ ಕುಡಿಯಲು. ಡಿ ಮೀನು ಮತ್ತು ವನ್ಯಜೀವಿಗಳಿಗೆ. ಇ ನೀರಾವರಿಗೆ ಮತ್ತು ಕೈಗಾರಿಕೆಗಳಲ್ಲಿ ಯಂತ್ರ ತಂಪಾಗಿಸಲು. ಡಿ ದರ್ಜೆಗೆ ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕು, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ಮೀರಬಾರದು. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಬೆಂಗಳೂರಿನ ನೂರಕ್ಕೂ ಹೆಚ್ಚು ಕೆರೆಗಳ ನೀರನ್ನು ಈ ಅಳತೆಗೋಲಿನಲ್ಲಿ ಪರೀಕ್ಷಿಸಿ ಫಲಿತಾಂಶವನ್ನು ಸಾರ್ವಜನಿಕಗೊಳಿಸುತ್ತದೆ. ನಗರದ ಬಹುಪಾಲು ಕೆರೆಗಳು ಡಿ ಅಥವಾ ಇ ದರ್ಜೆಯಲ್ಲಿಯೇ ಉಳಿದುಕೊಂಡಿವೆ.

ಈ ಕೆಲಸವನ್ನು ಯಾರೂ ಹಗುರವಾಗಿ ಕಾಣಬಾರದು. ಒಂದೇ ವಿಧಾನದಲ್ಲಿ ವರ್ಷಗಟ್ಟಲೆ ನಡೆದ ಅಳತೆಗಿಂತ ದೊಡ್ಡ ಆಸ್ತಿ ಪರಿಸರ ವಿಜ್ಞಾನದಲ್ಲಿ ಇನ್ನೊಂದಿಲ್ಲ. ಆದರೆ ಇ ದರ್ಜೆ ಎಂಬ ಒಂದು ಅಕ್ಷರವನ್ನು ಓದಿದ ಕೆರೆಯ ಪಕ್ಕದ ನಿವಾಸಿಗೆ ಮುಂದೇನು ಮಾಡಬೇಕೆಂಬುದು ತಿಳಿಯುವುದಿಲ್ಲ. ಅದು ಕೆರೆಯ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಕೊಳಕು ಎಲ್ಲಿಂದ ಬರುತ್ತಿದೆ ಎಂಬುದನ್ನಲ್ಲ. ಮೂಲ ಹುಡುಕಬೇಕಾದರೆ ಕೆರೆಯ ನಡುವಿನಿಂದ ಹಿಂದಕ್ಕೆ, ಒಳಹರಿವಿನ ಬಾಯಿಗೆ, ಅಲ್ಲಿಂದ ಕಾಲುವೆಯ ಗುಂಟ ಮೇಲಕ್ಕೆ, ಒಂದೊಂದು ಕವಲಿನಲ್ಲೂ ಅಳೆಯುತ್ತಾ ಹೋಗಬೇಕು. ಬೆಂಗಳೂರಿನ ಕೆರೆಗಳು ಬಿಡಿ ಬಿಡಿ ಕೆರೆಗಳಲ್ಲ. ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಮತ್ತು ವೃಷಭಾವತಿ ಎಂಬ ಮೂರು ಕಣಿವೆಗಳ ಉದ್ದಕ್ಕೂ ಒಂದರ ಕೋಡಿ ಇನ್ನೊಂದನ್ನು ತುಂಬಿಸುವಂತೆ ಕಟ್ಟಿದ ಸರಪಳಿಗಳು. ಬೆಳ್ಳಂದೂರಿನ ನೀರು ವರ್ತೂರಿಗೆ ಹೋಗುತ್ತದೆ, ವರ್ತೂರಿನದು ದಕ್ಷಿಣ ಪಿನಾಕಿನಿಗೆ. ಹಳೆಯ ಕಾಲದಲ್ಲಿ ತೂಬು ಎತ್ತುವ, ಕೋಡಿ ಕಾಯುವ ನೀರುಗಂಟಿಗೆ ಈ ಸರಪಳಿಯ ಅರಿವಿತ್ತು. ಆತನ ಹುದ್ದೆ ಹೋದ ಮೇಲೆ ಕೆರೆಯನ್ನು ದಿನವೂ ನೋಡುವ ಹೊಣೆ ಯಾರದ್ದೂ ಆಗಿ ಉಳಿಯಲಿಲ್ಲ.

ದಡದಲ್ಲಿ ಏನನ್ನು ಅಳೆಯಬಹುದು

ನಾಗರಿಕರು ಅಳೆದ ಅಂಕಿ ನಂಬಲರ್ಹವೇ ಎಂಬ ಅನುಮಾನ ಸಹಜ. ಅಮೆರಿಕದ ಮೇನ್ ರಾಜ್ಯದಲ್ಲಿ 1971ರಿಂದ, ವಿಸ್ಕಾನ್ಸಿನ್‌ನಲ್ಲಿ 1986ರಿಂದ ಸ್ವಯಂಸೇವಕರು ಸರೋವರಗಳನ್ನು ಅಳೆಯುತ್ತಿದ್ದಾರೆ. ಅವರ ಮುಖ್ಯ ಉಪಕರಣ ಹಗ್ಗಕ್ಕೆ ಕಟ್ಟಿದ, ಕಪ್ಪು ಬಿಳುಪು ಬಳಿದ 20 ಸೆಂಟಿಮೀಟರ್ ಅಗಲದ ಒಂದು ಬಿಲ್ಲೆ. ಇಟಲಿಯ ಪಾದ್ರಿ ಮತ್ತು ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ 1865ರಲ್ಲಿ ಬಳಕೆಗೆ ತಂದ ಈ ಬಿಲ್ಲೆಯನ್ನು ನೀರಿಗೆ ಇಳಿಸುತ್ತಾ ಹೋಗಿ ಅದು ಕಣ್ಣಿಗೆ ಮರೆಯಾಗುವ ಆಳವನ್ನು ಬರೆದುಕೊಂಡರೆ ನೀರಿನ ತಿಳಿತನದ ಅಳತೆ ಸಿಗುತ್ತದೆ. ವಿಧಾನ ಸರಳವಾಗಿದ್ದು ಎಲ್ಲರೂ ಒಂದೇ ರೀತಿ ಮಾಡಿದರೆ ಹವ್ಯಾಸಿಗಳ ಅಂಕಿಯೂ ವಿಜ್ಞಾನಕ್ಕೆ ಒದಗುತ್ತದೆ ಎಂಬುದಕ್ಕೆ ದಶಕಗಳ ಆ ದಾಖಲೆಗಳೇ ಸಾಕ್ಷಿ.

ಕರಗಿದ ಆಮ್ಲಜನಕವನ್ನು ಅಳೆಯಲು ಇಂದು ಮೀಟರುಗಳಿವೆಯಾದರೂ, ಮೀಟರು ಸರಿಯಿದೆಯೇ ಎಂದು ನೋಡಲು ಹಳೆಯ ವಿಂಕ್ಲರ್ ವಿಧಾನವೇ ಇಂದಿಗೂ ಆಧಾರ. ಕಾಲೇಜಿನ ಪ್ರಯೋಗಾಲಯದಲ್ಲಿ ಪದವಿ ವಿದ್ಯಾರ್ಥಿಗಳು ಮಾಡುವ ಕೆಲಸವಿದು. 300 ಮಿಲಿಲೀಟರಿನ ಗಾಜಿನ ಸೀಸೆಯನ್ನು ನೀರಿನೊಳಗೇ ಮುಳುಗಿಸಿ ಒಂದೂ ಗುಳ್ಳೆ ಉಳಿಯದಂತೆ ತುಂಬಿ ಮುಚ್ಚಬೇಕು. ಗುಳ್ಳೆ ಉಳಿದರೆ ಗಾಳಿಯ ಆಮ್ಲಜನಕ ಸೇರಿ ಅಂಕಿ ಸುಳ್ಳಾಗುತ್ತದೆ. ದಡದಲ್ಲಿಯೇ ಅದಕ್ಕೆ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ದ್ರಾವಣಗಳನ್ನು ತಲಾ 2 ಮಿಲಿಲೀಟರ್ ಹಾಕಿ ಸೀಸೆಯನ್ನು ಮೇಲೆ ಕೆಳಗೆ ತಿರುಗಿಸಿದರೆ ಆಮ್ಲಜನಕ ಇರುವ ನೀರಿನಲ್ಲಿ ಕಂದು ಬಣ್ಣದ ಗಷ್ಟು ಕಟ್ಟಿ ನಿಧಾನವಾಗಿ ತಳಕ್ಕೆ ಇಳಿಯುತ್ತದೆ. ಗಷ್ಟು ಬೆಳ್ಳಗೆ ಉಳಿದರೆ ಆ ನೀರಿನಲ್ಲಿ ಆಮ್ಲಜನಕ ಇಲ್ಲವೆಂದೇ ಅರ್ಥ. ಅದನ್ನು ತಿಳಿಯಲು ಇನ್ನಾವ ಲೆಕ್ಕವೂ ಬೇಕಾಗಿಲ್ಲ. ಮುಂದೆ ಗಂಧಕಾಮ್ಲ ಹಾಕಿದಾಗ ಗಷ್ಟು ಕರಗಿ ನೀರು ಹಳದಿಯಾಗುತ್ತದೆ. ಅದರಲ್ಲಿ ಸುಮಾರು 200 ಮಿಲಿಲೀಟರನ್ನು ತೆಗೆದುಕೊಂಡು 0.025 ನಾರ್ಮಲ್ ಸೋಡಿಯಂ ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಟ್ಟು, ಬಣ್ಣ ಮಾಸಿದಾಗ ಪಿಷ್ಟದ ದ್ರಾವಣ ಸೇರಿಸಿ, ಅದು ಕೊಡುವ ನೀಲಿ ಮಾಯವಾಗುವ ಹನಿಯವರೆಗೆ ಹೋಗಬೇಕು. ಖರ್ಚಾದ ಪ್ರತಿ ಮಿಲಿಲೀಟರ್ ಥಯೋಸಲ್ಫೇಟಿಗೆ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಆಮ್ಲಜನಕ. ಕೆರೆಯ ಹತ್ತಿರದ ಕಾಲೇಜೊಂದು ತಿಂಗಳಿಗೆರಡು ಸಲ ಇದನ್ನು ಮಾಡಿಕೊಟ್ಟರೆ ನಾಗರಿಕರ ಮೀಟರುಗಳು ದಾರಿ ತಪ್ಪುವುದಿಲ್ಲ.

ಆಮ್ಲಜನಕ, ಪಿಎಚ್, ಉಷ್ಣತೆ, ವಿದ್ಯುತ್ ವಾಹಕತೆ, ತಿಳಿತನ ಇವಿಷ್ಟನ್ನು ಸ್ಥಳದಲ್ಲೇ ಅಳೆಯಬಹುದು. ಕರಗಿದ ಆಮ್ಲಜನಕವನ್ನಂತೂ ಸ್ಥಳದಲ್ಲೇ ಅಳೆಯಬೇಕು ಅಥವಾ ವಿಂಕ್ಲರ್ ವಿಧಾನದಲ್ಲಿ ಕಟ್ಟಿಹಾಕಬೇಕು. ನೀರಿನಲ್ಲಿರುವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಅಳತೆಯಾದ ಜೈವಿಕ ಆಮ್ಲಜನಕ ಬೇಡಿಕೆ (ಬಿಒಡಿ), ಹಾಗೂ ಮಲದ ಸೋಂಕನ್ನು ಸೂಚಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಪರೀಕ್ಷೆಗೆ ಪ್ರಯೋಗಾಲಯ ಬೇಕು. ಆ ಮಾದರಿಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಅದೇ ದಿನ, ಹೆಚ್ಚೆಂದರೆ 24 ಗಂಟೆಯೊಳಗೆ ತಲುಪಿಸಬೇಕು. ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನವಿಡೀ ಬಿಸಿಯಾದ ಸೀಸೆಯ ಫಲಿತಾಂಶ ಆ ಡಿಕ್ಕಿಯ ಬಗ್ಗೆ ಹೇಳುತ್ತದೆಯೇ ಹೊರತು ಕೆರೆಯ ಬಗ್ಗೆ ಅಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮಾರುಕಟ್ಟೆಯಲ್ಲಿ ಸಿಗುವ ಅನೇಕ ಪರೀಕ್ಷಾ ಕಿಟ್‌ಗಳು ನೈಟ್ರೇಟನ್ನು ಅಳೆಯುತ್ತವೆ, ಏಕೆಂದರೆ ಹೊಲಗಳಿಂದ ಗೊಬ್ಬರ ಹರಿದು ಬರುವ ಹೊಳೆಗಳಲ್ಲಿ ಅದೇ ಮುಖ್ಯ ಸೂಚಕ. ಹಸಿ ಕೊಳಚೆ ಸೇರುವ ನಗರದ ಕೆರೆಯಲ್ಲಿ ಆಮ್ಲಜನಕವೇ ಇಲ್ಲದಿರುವಾಗ ಅಮೋನಿಯಾ ನೈಟ್ರೇಟಾಗಿ ಪರಿವರ್ತನೆಯಾಗುವುದಿಲ್ಲ. ಹಾಗಾಗಿ ಅತ್ಯಂತ ಕೊಳಕಾದ ಕೆರೆಯಲ್ಲಿಯೇ ನೈಟ್ರೇಟ್ ಅಂಕಿ ಅತ್ಯಂತ ಚೆನ್ನಾಗಿ ಕಾಣಬಹುದು. ಅಂಥ ಕಡೆ ಅಮೋನಿಯಾವನ್ನೇ ಅಳೆಯಬೇಕು. ವಿದ್ಯುತ್ ವಾಹಕತೆಗೂ ಒಂದು ಮಿತಿಯಿದೆ: ಮಳೆನೀರಿನಲ್ಲಿ ಲವಣ ಕಡಿಮೆ, ಬಳಸಿ ಬಿಟ್ಟ ನೀರಿನಲ್ಲಿ ಹೆಚ್ಚು ಎಂಬುದರಿಂದ ಮಳೆಯಿಲ್ಲದ ದಿನ ಒಳಹರಿವಿನ ವಾಹಕತೆ ಏರಿದ್ದರೆ ಕೊಳಚೆ ಬರುತ್ತಿದೆ ಎಂದು ಸಂದೇಹಪಡಬಹುದು; ಆದರೆ ಶುದ್ಧೀಕರಣ ಘಟಕದಲ್ಲಿ ಲವಣ ಹೋಗುವುದಿಲ್ಲವಾದ್ದರಿಂದ ಸಂಸ್ಕರಿಸಿದ ನೀರೋ ಹಸಿ ಕೊಳಚೆಯೋ ಎಂಬುದನ್ನು ಆ ಒಂದು ಅಂಕಿ ಹೇಳಲಾರದು. ವಾಹಕತೆ ಮತ್ತು ಅಮೋನಿಯಾ ಎರಡನ್ನೂ ಒಟ್ಟಿಗೆ ಓದಿದಾಗ ಚಿತ್ರ ಸ್ಪಷ್ಟವಾಗುತ್ತದೆ.

ಸ್ವಯಂಚಾಲಿತ ಸಂವೇದಕಗಳ ಬಗ್ಗೆ ಉದ್ಯಮಗಳಿಗೆ ಒಲವು ಹೆಚ್ಚು. ಕೊಳಚೆ ನೀರಿನಲ್ಲಿ ಮುಳುಗಿಸಿಟ್ಟ ಸಂವೇದಕದ ಮೇಲೆ ಕೆಲವೇ ದಿನಗಳಲ್ಲಿ ಲೋಳೆ ಕಟ್ಟುತ್ತದೆ, ಅದನ್ನು ಒರೆಸುವ ಮನುಷ್ಯನಿಲ್ಲದಿದ್ದರೆ ಯಂತ್ರ ತಪ್ಪು ಅಂಕಿಯನ್ನು ಬಹಳ ಶ್ರದ್ಧೆಯಿಂದ ಕಳುಹಿಸುತ್ತಲೇ ಇರುತ್ತದೆ. ಉದ್ಘಾಟನೆಯ ದಿನದ ಹಣಕ್ಕಿಂತ ಒರೆಸುವವರ ಸಂಬಳಕ್ಕೆ ಹಣ ಹೊಂದಿಸುವುದು ಮುಖ್ಯ.

ಸಮುದಾಯ ಎಂದರೆ ಯಾರು

ಬೆಂಗಳೂರಿನಲ್ಲಿ ಕೆರೆಗಾಗಿ ಸಂಘಟಿತರಾದ ನಿವಾಸಿಗಳ ಉದಾಹರಣೆಗಳು ಸಾಕಷ್ಟಿವೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ನೆರೆಹೊರೆಯವರು 2010ರಲ್ಲಿ ಟ್ರಸ್ಟ್ ರಚಿಸಿಕೊಂಡು 2011ರಲ್ಲಿ ಪಾಲಿಕೆಯೊಂದಿಗೆ ನಿರ್ವಹಣೆಯ ಒಪ್ಪಂದ ಮಾಡಿಕೊಂಡರು. ಮಳೆನೀರು ಸಾಲದೆ ಕೆರೆ ಒಣಗುವ ಸ್ಥಿತಿ ಬಂದಾಗ ಪಕ್ಕದ ವಸತಿ ಸಮುಚ್ಚಯದ ಶುದ್ಧೀಕರಣ ಘಟಕದಿಂದ ಸಂಸ್ಕರಿಸಿದ ನೀರನ್ನು ಕೆರೆಗೆ ಹರಿಸುವ ವ್ಯವಸ್ಥೆಯಾಯಿತು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯಲ್ಲೂ ಜಕ್ಕೂರು ಕೆರೆಯಲ್ಲೂ ಇಂಥ ನಾಗರಿಕ ಸಂಘಟನೆಗಳಿವೆ. ಜಕ್ಕೂರಿನಲ್ಲಿ ಜಲಮಂಡಳಿಯ ಶುದ್ಧೀಕರಣ ಘಟಕದ ನೀರು ನಿರ್ಮಿತ ಜೌಗು ಪ್ರದೇಶವೊಂದನ್ನು ಹಾದು ಕೆರೆಗೆ ಇಳಿಯುತ್ತದೆ. ಜೊಂಡು ಮತ್ತಿತರ ಸಸ್ಯಗಳು ಉಳಿದ ಸಾರಜನಕ, ರಂಜಕಗಳಲ್ಲಿ ಒಂದಷ್ಟನ್ನು ಹೀರುತ್ತವೆ. ಸಮೀಪದಲ್ಲೇ ಇರುವ ಅಶೋಕ ಪರಿಸರ ಸಂಶೋಧನಾ ಟ್ರಸ್ಟ್, ಅಂದರೆ ಏಟ್ರೀ ಸಂಸ್ಥೆಯ ಸಂಶೋಧಕರೂ ನಾಗರಿಕರೂ ಆ ಕೆರೆಯ ನೀರನ್ನು ಗಮನಿಸುತ್ತಾ ಬಂದಿದ್ದಾರೆ. ಇಂಥ ಕೆರೆಯಲ್ಲಿ ಘಟಕದ ಹೊರಬಾಯಿ, ಜೌಗಿನ ಕೊನೆ, ಕೆರೆಯ ನಡು, ಕೋಡಿ ಈ ನಾಲ್ಕು ಕಡೆ ಅಳೆದರೆ ಯಾವ ಹಂತ ತನ್ನ ಕೆಲಸ ಮಾಡುತ್ತಿದೆ, ಯಾವುದು ಮಾಡುತ್ತಿಲ್ಲ ಎಂಬುದು ಕಣ್ಣಿಗೆ ಕಟ್ಟುವಂತೆ ತಿಳಿಯುತ್ತದೆ.

ಆದರೂ ಸಮುದಾಯ ಎಂಬ ಮಾತನ್ನು ನಾವು ಬಹಳ ಕಿರಿದಾಗಿ ಬಳಸುತ್ತಿದ್ದೇವೆ. ನಡಿಗೆಪಥದಲ್ಲಿ ಬೆಳಿಗ್ಗೆ ಓಡಾಡುವ ಅಪಾರ್ಟ್‌ಮೆಂಟ್ ನಿವಾಸಿಗಳು ಅದರ ಒಂದು ಭಾಗ ಮಾತ್ರ. ಟೆಂಡರು ಹಿಡಿದು ಮೀನು ಸಾಕಿದವರು, ದನಕ್ಕೆ ಹುಲ್ಲು ಕೊಯ್ಯಲು ಬರುವವರು, ಬಟ್ಟೆ ಒಗೆಯುವವರು, ಕೋಡಿಯ ಕೆಳಗೆ ಸೊಪ್ಪು ತರಕಾರಿ ಬೆಳೆಯುವವರು ಕೆರೆಯನ್ನು ಇನ್ನೂ ಹೆಚ್ಚು ಹೊತ್ತು, ಇನ್ನೂ ಹತ್ತಿರದಿಂದ ನೋಡುತ್ತಾರೆ. ಬೆಳಗಿನ ಜಾವ ಮೀನುಗಳು ಮೇಲಕ್ಕೆ ಬಂದು ಬಾಯಿ ಬಡಿಯುತ್ತಿರುವುದನ್ನು ಮೊದಲು ನೋಡುವವರು ಮೀನುಗಾರರು. ಆ ಹೊತ್ತಿನಲ್ಲಿ ಅಲ್ಲಿರುವ ಅವರ ಕೈಯಲ್ಲಿ ಒಂದು ಮೀಟರು ಇದ್ದು, ಅವರ ಸಮಯಕ್ಕೆ ಗೌರವಧನ ಸಿಗುವಂತಿದ್ದರೆ ಈ ಲೇಖನದ ಆರಂಭದ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ಸ್ವಯಂಸೇವೆ ಎಂಬ ಹೆಸರಿನಲ್ಲಿ ದಿನಗೂಲಿಯ ಜನರಿಂದ ಬಿಟ್ಟಿ ಕೆಲಸ ಮಾಡಿಸಿಕೊಳ್ಳುವುದು ನ್ಯಾಯವಲ್ಲ, ಅಂಥ ಏರ್ಪಾಡು ಬಾಳುವುದೂ ಇಲ್ಲ.

ಉದ್ಯಮದ ಹಣ, ಉದ್ಯಮದ ಹಿತ

ಉದ್ಯಮಗಳ ಪಾತ್ರಕ್ಕೆ ಬಂದರೆ, ಬೆಂಗಳೂರಿನ ಮೊದಲ ಅನುಭವ ಕಹಿಯಾದದ್ದು. 2002ರಲ್ಲಿ ಸ್ಥಾಪನೆಯಾದ ಕೆರೆ ಅಭಿವೃದ್ಧಿ ಪ್ರಾಧಿಕಾರವು ಹೆಬ್ಬಾಳ, ನಾಗವಾರ ಮೊದಲಾದ ಕೆರೆಗಳನ್ನು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆಗೆ ಕೊಡುವ ಯೋಜನೆ ಕೈಗೊಂಡಿತು. ದೋಣಿವಿಹಾರ, ಉಪಾಹಾರಗೃಹ, ಪ್ರವೇಶ ಶುಲ್ಕ ಬಂದರೆ ಮೀನುಗಾರರೂ ದನ ಮೇಯಿಸುವವರೂ ಹೊರಗುಳಿಯಬೇಕಾಗುತ್ತದೆ ಎಂದು ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ 2008ರಲ್ಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿತು. 2012ರ ಏಪ್ರಿಲ್‌ನ ಆದೇಶದಲ್ಲಿ ನ್ಯಾಯಾಲಯ ಕೆರೆಗಳ ರಕ್ಷಣೆಗೆ ಜಿಲ್ಲಾ ಮಟ್ಟದ ಸಮಿತಿಗಳ ವ್ಯವಸ್ಥೆಯನ್ನು ರೂಪಿಸಿತು.

ಎರಡನೆಯ ಹಂತ ಶುರುವಾದದ್ದು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ, ಅಂದರೆ ಸಿಎಸ್‌ಆರ್‌ನಿಂದ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಸಂಪತ್ತು, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚ ಮಾಡಬೇಕು. ನೀರಿನ ಗುಣಮಟ್ಟ ಕಾಪಾಡುವುದೂ ಆ ಕಾರ್ಯಗಳ ಪಟ್ಟಿಯಲ್ಲಿದೆ. ಹೆಬ್ಬಗೋಡಿ ಕೆರೆಯಲ್ಲಿ ಬಯೋಕಾನ್ ಪ್ರತಿಷ್ಠಾನವು ತೇಲುವ ಸಸ್ಯದ್ವೀಪಗಳನ್ನೂ ಗಾಳಿಯೂಡುವ ಯಂತ್ರಗಳನ್ನೂ ಅಳವಡಿಸಿತು. ಆನೇಕಲ್ ತಾಲ್ಲೂಕಿನ ಕ್ಯಾಲಸನಹಳ್ಳಿ ಕೆರೆಯ ಹೂಳನ್ನು 2017ರಲ್ಲಿ ಸನ್ಸೇರಾ ಪ್ರತಿಷ್ಠಾನದ ನೆರವಿನಿಂದ ತೆಗೆಯಲಾಯಿತು. ಇವೆಲ್ಲ ಕಣ್ಣಿಗೆ ಕಾಣುವ ಕೆಲಸಗಳು. ಅಳತೆಯ ಕೆಲಸ ಹಾಗಲ್ಲ. ಮೂರು ವರ್ಷ ಪ್ರತಿ ವಾರ ಅಮೋನಿಯಾ ಅಳೆದದ್ದಕ್ಕೆ ಫಲಕ ನೆಡಲು, ಭಾವಚಿತ್ರ ತೆಗೆಯಲು ಏನೂ ಇರುವುದಿಲ್ಲ. ಸಿಎಸ್‌ಆರ್ ನಿಯಮಗಳಲ್ಲಿ ಚಾಲ್ತಿ ಯೋಜನೆ ಎನಿಸಿಕೊಳ್ಳುವುದಕ್ಕೆ ಆರಂಭದ ವರ್ಷವನ್ನು ಬಿಟ್ಟು ಮೂರು ಆರ್ಥಿಕ ವರ್ಷಗಳ ಮಿತಿಯಿದೆ. ಕೆರೆಯೊಂದರ ನಡವಳಿಕೆಯನ್ನು ಅರಿಯಲು, ಬರದ ವರ್ಷವನ್ನೂ ಅತಿವೃಷ್ಟಿಯ ವರ್ಷವನ್ನೂ ಒಳಗೊಳ್ಳಲು ಅದು ಸಾಲದು.

ವಿದೇಶದಲ್ಲಿ ಇದಕ್ಕೊಂದು ಗಮನಾರ್ಹ ಮಾದರಿ ಬಂತು. ಎಚ್‌ಎಸ್‌ಬಿಸಿ ಬ್ಯಾಂಕ್ 2012ರಲ್ಲಿ ಆರಂಭಿಸಿದ ಐದು ವರ್ಷಗಳ ಜಲ ಕಾರ್ಯಕ್ರಮದಡಿ ಅರ್ಥ್‌ವಾಚ್ ಸಂಸ್ಥೆ ಫ್ರೆಶ್‌ವಾಟರ್ ವಾಚ್ ಎಂಬ ಯೋಜನೆ ರೂಪಿಸಿ ಬ್ಯಾಂಕಿನ ನೌಕರರಿಗೆ ತರಬೇತಿ ಕೊಟ್ಟಿತು. ಅವರು ತಮ್ಮ ನಗರಗಳ ಕೆರೆ, ಹೊಳೆಗಳ ನೈಟ್ರೇಟ್, ಫಾಸ್ಫೇಟ್ ಮತ್ತು ತಿಳಿತನವನ್ನು ಅಳೆದರು. ನನಗೆ ಇದರಲ್ಲಿ ಮೆಚ್ಚಿಗೆಯಾಗುವುದು ಹಣದ ಮೊತ್ತವಲ್ಲ. ಹಣ ಕೊಟ್ಟದ್ದು ಬ್ಯಾಂಕ್, ವಿಧಾನವನ್ನು ನಿಗದಿಪಡಿಸಿದ್ದು ವಿಜ್ಞಾನ ಸಂಸ್ಥೆ ಎಂಬ ವಿಂಗಡಣೆ. ನಮ್ಮಲ್ಲಿ ಈ ವಿಂಗಡಣೆ ಇನ್ನೂ ಹೆಚ್ಚು ಅಗತ್ಯ, ಏಕೆಂದರೆ ಕೆರೆಗೆ ಹಣ ಕೊಡುವ ಕಂಪನಿ ಹಲವು ಸಲ ಅದೇ ಕೆರೆಯ ಜಲಾನಯನದಲ್ಲಿ ಕಟ್ಟಡ ಕಟ್ಟಿಕೊಂಡಿರುತ್ತದೆ. ತನ್ನ ಟೆಕ್ ಪಾರ್ಕಿನ ಶುದ್ಧೀಕರಣ ಘಟಕದ ಹೊರಬಾಯಿಯಲ್ಲಿ ಅಮೋನಿಯಾ ಏರಿದೆ ಎಂಬ ಅಂಕಿಯನ್ನು ತಾನೇ ಹಣ ಕೊಟ್ಟು ಪ್ರಕಟಿಸಬೇಕಾದ ಸಂದರ್ಭ ಬಂದಾಗ ಒಳ್ಳೆಯ ಉದ್ದೇಶದ ಅಧಿಕಾರಿಯೂ ಮುಜುಗರಕ್ಕೆ ಸಿಲುಕುತ್ತಾನೆ. ಆ ಮುಜುಗರಕ್ಕೆ ಅವಕಾಶವೇ ಇಲ್ಲದಂತೆ ಒಪ್ಪಂದ ಬರೆಯಬೇಕು.

2020ರ ಮಾರ್ಚ್‌ನಲ್ಲಿ ಹೈಕೋರ್ಟ್ ಕೆರೆಗಳ ವಿಷಯದಲ್ಲಿ ಖಾಸಗಿ ಹಾಗೂ ಕಾರ್ಪೊರೇಟ್ ಸಂಸ್ಥೆಗಳೊಂದಿಗೆ ಒಪ್ಪಂದ ಮಾಡಿಕೊಳ್ಳದಂತೆ ಆಗಿನ ನಗರ ಪಾಲಿಕೆ ಬಿಬಿಎಂಪಿಯನ್ನು ತಡೆಯಿತು. ಕೆರೆ ಸಾರ್ವಜನಿಕ ಸ್ವತ್ತು, ಅದರ ಹೊಣೆಯನ್ನು ಸರ್ಕಾರಿ ಸಂಸ್ಥೆಗಳು ಕೈಬಿಡಬಾರದು ಎಂಬ ತತ್ವ ಸರಿಯಾದದ್ದು. ಆದರೆ ಅದರಿಂದ ವರ್ಷಗಳಿಂದ ಕೆರೆ ಕಾಯುತ್ತಿದ್ದ ನಾಗರಿಕ ಟ್ರಸ್ಟುಗಳ ಒಪ್ಪಂದಗಳೂ ಅತಂತ್ರವಾದವು. ಕೆರೆಯ ನಿರ್ವಹಣೆ ಬೇರೆ, ಕೆರೆಯನ್ನು ಅಳೆಯುವುದು ಬೇರೆ. ನಿರ್ವಹಣೆಗೆ ಅಧಿಕಾರ ಬೇಕು. ದಡದಲ್ಲಿ ನಿಂತು ನೀರನ್ನು ಅಳೆದು ಅಂಕಿ ಬರೆದಿಡಲು ಕೆರೆಯ ಮೇಲೆ ಯಾವ ಹಕ್ಕೂ ಬೇಕಾಗುವುದಿಲ್ಲ. ಉದ್ಯಮಗಳ ಪಾಲುದಾರಿಕೆಯನ್ನು ಈ ಎರಡನೆಯದಕ್ಕೆ ಸೀಮಿತಗೊಳಿಸಿದರೆ ವಿವಾದದ ಬಹುಭಾಗ ತಾನಾಗಿ ಕರಗುತ್ತದೆ.

ಅಂಕಿ ಎಲ್ಲಿಗೆ ಹೋಗಬೇಕು

ಒಪ್ಪಂದದಲ್ಲಿ ನಿಜವಾಗಿ ಇರಬೇಕಾದ ಸಂಗತಿಗಳು ಕೆಲವೇ. ಹಣ ನೇರವಾಗಿ ಅಳೆಯುವವರಿಗೆ ಹೋಗದೆ ಕಾಲೇಜು ಅಥವಾ ಸಂಶೋಧನಾ ಸಂಸ್ಥೆಯ ಮೂಲಕ ಹೋಗಬೇಕು. ಎಲ್ಲಿ ಅಳೆಯಬೇಕೆಂಬುದನ್ನು ಹಣ ಕೊಡುವವರು ನಿರ್ಧರಿಸಬಾರದು. ಅಂಕಿಗಳು ಬಂದ ದಿನವೇ ಯಾರ ಅನುಮತಿಯೂ ಇಲ್ಲದೆ ಸಾರ್ವಜನಿಕವಾಗಬೇಕು, ಮತ್ತು ಕೆರೆಯ ಬಳಿಯ ಫಲಕದಲ್ಲಿ ಕನ್ನಡದಲ್ಲಿ ಬರೆದಿರಬೇಕು. ಹತ್ತು ಮಾದರಿಗಳಲ್ಲಿ ಒಂದನ್ನಾದರೂ ಎರಡು ಪಾಲು ಮಾಡಿ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೂ ಕಳುಹಿಸಬೇಕು. ಎರಡು ಫಲಿತಾಂಶ ಹೊಂದದಿದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು. ಹಣ ನಿಂತ ಮೇಲೆ ದಾಖಲೆ ಯಾರ ಬಳಿ ಉಳಿಯುತ್ತದೆ ಎಂಬುದನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಯೋಜನೆ ಮುಗಿದ ಬಳಿಕ ಯಾರದೋ ಲ್ಯಾಪ್‌ಟಾಪಿನಲ್ಲಿ ಉಳಿದ ದಾಖಲೆ ಇನ್ನು ಯಾರಿಗೂ ಸಿಗುವುದಿಲ್ಲ.

ನಾಗರಿಕರ ಅಂಕಿಗೆ ಕಾನೂನಿನಲ್ಲಿ ಇರುವ ಸ್ಥಾನವನ್ನೂ ತಿಳಿದಿರಬೇಕು. 1974ರ ಜಲ ಕಾಯ್ದೆಯ 21ನೇ ಕಲಂ ಪ್ರಕಾರ ಮಂಡಳಿಯು ತೆಗೆದ ತ್ಯಾಜ್ಯ ನೀರಿನ ಮಾದರಿಯನ್ನು ಸಾಕ್ಷ್ಯವಾಗಿ ಒಪ್ಪಬೇಕಾದರೆ ಸಂಬಂಧಪಟ್ಟವರಿಗೆ ನೋಟಿಸು ಕೊಟ್ಟು, ಮಾದರಿಯನ್ನು ಎರಡು ಪಾಲು ಮಾಡಿ, ಮೊಹರು ಹಾಕಿ, ಸಹಿಯೊಂದಿಗೆ ಪ್ರಯೋಗಾಲಯಕ್ಕೆ ಕಳುಹಿಸಿರಬೇಕು. ನಾಗರಿಕರ ಸೀಸೆ ಆ ಜಾಗವನ್ನು ತುಂಬುವುದಿಲ್ಲ. ಅದರ ಕೆಲಸ ಬೇರೆ: ಮಂಡಳಿಯ ಅಧಿಕಾರಿ ಯಾವ ಕಾಲುವೆಗೆ, ಯಾವ ಹೊತ್ತಿಗೆ ಬಂದರೆ ಸಾಕ್ಷ್ಯ ಸಿಗುತ್ತದೆ ಎಂಬುದನ್ನು ತೋರಿಸುವುದು. ಕೆರೆ ಕೊಳಕಾಗಿದೆ ಎಂಬ ದೂರಿಗಿಂತ, ಈಶಾನ್ಯದ ರಾಜಕಾಲುವೆಯಲ್ಲಿ ಕಳೆದ ನಾಲ್ಕು ಶನಿವಾರಗಳೂ ರಾತ್ರಿ ಹತ್ತರ ನಂತರ ಅಮೋನಿಯಾ ಏರುತ್ತಿದೆ ಎಂಬ ದೂರಿಗೆ ಉತ್ತರ ಕೊಡದಿರುವುದು ಯಾವ ಕಚೇರಿಗೂ ಕಷ್ಟ. ಆ ದೂರು ಸರಿಯಾದ ಮೇಜಿಗೆ ಹೋಗಬೇಕೆಂಬುದೂ ಅಷ್ಟೇ ಮುಖ್ಯ. ಒಳಚರಂಡಿ ಕೊಳವೆ ಒಡೆದಿದ್ದರೆ ಅದು ಜಲಮಂಡಳಿಯ ಕೆಲಸ, ಕಾರ್ಖಾನೆಯದ್ದಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯದು, ಮಳೆನೀರು ಕಾಲುವೆಯದ್ದಾದರೆ ಪಾಲಿಕೆಯದು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದ ಮೇಲೆ ಒಂದೇ ಕಣಿವೆಯ ಕೆರೆಗಳು ಬೇರೆ ಬೇರೆ ಪಾಲಿಕೆಗಳ ವ್ಯಾಪ್ತಿಗೆ ಬರುವ ಸಂದರ್ಭಗಳಿರುವುದರಿಂದ ಕಣಿವೆಯ ಮೇಲಿನವರ ಅಂಕಿ ಕೆಳಗಿನವರಿಗೆ ತಲುಪುವ ಏರ್ಪಾಡು ಇನ್ನಷ್ಟು ಅಗತ್ಯವಾಗಿದೆ.

ಆ ಕೆಳಗಿನವರು ನಗರದ ಗಡಿಯಲ್ಲೇ ಮುಗಿಯುವುದಿಲ್ಲ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ, ದಿನಕ್ಕೆ 44 ಕೋಟಿ ಲೀಟರ್ ಸಾಮರ್ಥ್ಯದ ಯೋಜನೆ 2018ರಲ್ಲಿ ಶುರುವಾಯಿತು. ಕೆಲವೇ ವಾರಗಳಲ್ಲಿ ಲಕ್ಷ್ಮೀಸಾಗರ ಕೆರೆಗೆ ನೊರೆ ಬಂತು, ವಿಷಯ ಹೈಕೋರ್ಟಿಗೆ ಹೋಗಿ ನೀರು ಹರಿಸುವುದಕ್ಕೆ ತಡೆ ಬಿತ್ತು, ಮುಂದೆ ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂದ ಮೇಲೆ ಯೋಜನೆ ಮುಂದುವರಿಯಿತು. ಬತ್ತಿದ್ದ ಕೆರೆಗಳಿಗೆ ನೀರು ಕಂಡ ಕೋಲಾರದ ರೈತನಿಗೂ, ಆ ನೀರು ಕೊಳವೆಬಾವಿಗೆ ಇಳಿಯುತ್ತದೆಂದು ಆತಂಕಪಡುವ ಅದೇ ಊರಿನ ತಾಯಿಗೂ ಬೇಕಾದದ್ದು ಒಂದೇ ಮಾಹಿತಿ: ಇಂದು ಬೆಂಗಳೂರಿನ ಘಟಕದಿಂದ ಹೊರಟ ನೀರಿನಲ್ಲಿ ಏನಿದೆ. ಬೆಳ್ಳಂದೂರಿನ ಸುತ್ತಲಿನ ಕಂಪನಿಗಳ ಹಣದಲ್ಲಿ ಒಂದು ಪಾಲು ಕೋಲಾರದ ಪ್ರೌಢಶಾಲೆ, ಕಾಲೇಜುಗಳ ಪ್ರಯೋಗಾಲಯಕ್ಕೆ ಹೋಗಿ, ಲಕ್ಷ್ಮೀಸಾಗರದ ಮಕ್ಕಳು ಅಳೆದ ಅಂಕಿಯೂ ಬೆಳ್ಳಂದೂರಿನ ಹೊರಬಾಯಿಯ ಅಂಕಿಯೂ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಅಕ್ಕಪಕ್ಕದಲ್ಲಿ ಬರಬೇಕು. ಸಿಎಸ್‌ಆರ್ ನಿಯಮಗಳಲ್ಲಿ ಇದಕ್ಕೆ ಅಡ್ಡಿಯಿಲ್ಲ, ವಿಂಕ್ಲರ್ ಪರೀಕ್ಷೆಗೆ ಬೇಕಾದ ರಾಸಾಯನಿಕಗಳು ಜಿಲ್ಲೆಯ ಯಾವುದೇ ವಿಜ್ಞಾನ ಕಾಲೇಜಿನಲ್ಲಿ ಸಿಗುತ್ತವೆ.